ಅಪ್‌ಗ್ರೇಡ್ ಆದಮೇಲೆ ಸಾಫ್ಟ್‌ವೇರ್ ಓಡ್ತಿಲ್ವಾ? ಫಾರ್ಮ್ಯಾಟ್ ಮಾಡಬೇಡಿ, ಇದನ್ನ ನೋಡಿ

ನಮಸ್ಕಾರ ಎಲ್ಲರಿಗೂ. ಸ್ಕ್ರೀನ್ ಮೇಲೆ ಇರುವುದು ನನ್ನ ಎಡಿಟಿಂಗ್ ಲ್ಯಾಪ್‌ಟಾಪ್. ಅದರಲ್ಲಿ ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಮ್ಮಿನ 22.04 ವರ್ಷನ್ ಇತ್ತು, ಈಗ 24.04 ಮಾಡಿದ್ದೇನೆ. ಅಪ್‌ಗ್ರೇಡ್ ಸಲೀಸಾಗಿ ಮುಗಿಯಿತು. ಡೆಸ್ಕ್‌ಟಾಪ್ ಬಂತು, ವೈಫೈ ಬಂತು, ಸೌಂಡ್ ಬಂತು. ಆದರೆ ನಾನು ದಿನಾ ಬಳಸುವ ಎರಡು ಸಾಫ್ಟ್‌ವೇರ್ ಏಳುತ್ತಿಲ್ಲ. ಒಂದು, ಈ ವಿಡಿಯೊಗಳಿಗೆ ಕನ್ನಡ ಸಬ್‌ಟೈಟಲ್ ಹೊಂದಿಸುವ ಪೈಥಾನ್ ಸ್ಕ್ರಿಪ್ಟ್. ಇನ್ನೊಂದು, ಆಪ್‌ಇಮೇಜ್ ಆಗಿ, ಅಂದರೆ ಇನ್‌ಸ್ಟಾಲ್ ಮಾಡದೆ ನೇರ ಓಡಿಸುವ ಒಂದೇ ಫೈಲ್ ಆಗಿ, ಇಳಿಸಿಕೊಂಡ ಆಡಿಯೊ ಟೂಲ್.

ಇಂಥ ಹೊತ್ತಲ್ಲಿ ಜಾಸ್ತಿ ಜನ ಕೊಡುವ ಸಲಹೆ, 'ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿಬಿಡಿ' ಅಂತ. ದಯವಿಟ್ಟು ಬೇಡ. ಯಾಕೆ ನಿಂತಿತು ಅಂತ ಗೊತ್ತಾಗದೆ ಹೋದರೆ ಮುಂದಿನ ಅಪ್‌ಗ್ರೇಡ್‌ಗೂ ಇದೇ ಪಾಡು. ನಿಮ್ಮ ಸಾಫ್ಟ್‌ವೇರ್ ಎಲ್ಲೂ ಹೋಗಿಲ್ಲ. ಅದು ಏನನ್ನೋ ಹುಡುಕುತ್ತಿದೆ, ಆ ವಸ್ತು ಹಳೇ ಜಾಗದಲ್ಲಿ ಸಿಗುತ್ತಿಲ್ಲ, ಅಷ್ಟೇ. ಹಾಗಾಗಿ ಐಕಾನ್ ಮೇಲೆ ಮತ್ತೆ ಮತ್ತೆ ಕ್ಲಿಕ್ ಮಾಡುತ್ತಾ ಕೂರಬೇಡಿ. ಕಮಾಂಡ್ ಟೈಪ್ ಮಾಡುವ ಟರ್ಮಿನಲ್ ತೆರೆದು ಅಲ್ಲಿಂದ ಓಡಿಸಿ. ಏನು ಸಿಗುತ್ತಿಲ್ಲ ಅಂತ ಅದೇ ಹೇಳುತ್ತದೆ.

ಮೊದಲು ಪೈಥಾನ್. ಉದ್ದುದ್ದ ಎರರ್ ಬಂದರೆ ಹೆದರಬೇಡಿ, ಕೊನೆಯ ಸಾಲನ್ನು ಮೊದಲು ಓದಿ. ಇಲ್ಲಿ ಏನಿದೆ? 'ನೋ ಮಾಡ್ಯೂಲ್ ನೇಮ್ಡ್ ರಿಕ್ವೆಸ್ಟ್ಸ್'. ಅಂದರೆ ರಿಕ್ವೆಸ್ಟ್ಸ್ ಅನ್ನುವ ಲೈಬ್ರರಿ (ಸ್ಕ್ರಿಪ್ಟ್ ಬಳಸುವ ಸಿದ್ಧ ಕೋಡ್) ಸಿಗಲಿಲ್ಲ ಅಂತ. ಆದರೆ ರಿಕ್ವೆಸ್ಟ್ಸ್ ಇದೆ! ನೋಡಿ, ಸ್ಕ್ರಿಪ್ಟಿನ ವೆನ್ವ್, ಅಂದರೆ ಅದರ ಲೈಬ್ರರಿಗಳನ್ನು ಪ್ರತ್ಯೇಕವಾಗಿ ಇಡುವ ಫೋಲ್ಡರ್ ತೆರೆಯುತ್ತೇನೆ. ಲಿಬ್, ಅದರೊಳಗೆ ಪೈಥಾನ್3.10, ಅದರೊಳಗೆ ಸೈಟ್-ಪ್ಯಾಕೇಜಸ್. ಎಲ್ಲವೂ ಇಟ್ಟ ಹಾಗೇ ಇವೆ. ಈಗ ಬಿನ್ ಫೋಲ್ಡರ್ ನೋಡಿ. ಅಲ್ಲಿರುವ ಪೈಥಾನ್3 ಬರೀ ಒಂದು ಲಿಂಕ್. ಅದು ಹೋಗಿ ಸೇರುವುದು ಸಿಸ್ಟಮ್ಮಿನ ಪೈಥಾನ್‌ಗೆ. 22.04ರಲ್ಲಿ ಆ ಪೈಥಾನ್ 3.10 ಆಗಿತ್ತು, 24.04ರಲ್ಲಿ 3.12. ಹೊಸ ಪೈಥಾನ್ ಹುಡುಕುವುದು ಪೈಥಾನ್3.12 ಅನ್ನುವ ಫೋಲ್ಡರನ್ನು. ಆ ಹೆಸರಿನ ಫೋಲ್ಡರೇ ಇಲ್ಲಿಲ್ಲ.

ಹಳೇ ವೆನ್ವ್‌ಗೆ ತೇಪೆ ಹಾಕುವುದು ದಂಡ. ಹೊಸದು ಮಾಡಿ. ಯಾವ್ಯಾವ ಲೈಬ್ರರಿ ಇದ್ದವು ಅಂತ ಬರೆದಿಟ್ಟಿಲ್ಲ ಅಂದರೂ ಚಿಂತೆಯಿಲ್ಲ. ಹಳೇ ಸೈಟ್-ಪ್ಯಾಕೇಜಸ್‌ನಲ್ಲಿ ಡಿಸ್ಟ್-ಇನ್ಫೋ ಅಂತ ಕೊನೆಯಾಗುವ ಫೋಲ್ಡರ್‌ಗಳಿವೆ, ಅಲ್ವಾ? ಲೈಬ್ರರಿಯ ಹೆಸರು, ವರ್ಷನ್ ಎರಡೂ ಆ ಫೋಲ್ಡರಿನ ಹೆಸರಲ್ಲೇ ಸಿಗುತ್ತವೆ. ಅದನ್ನೇ ನೋಡಿಕೊಂಡು ಪಟ್ಟಿ ಮಾಡಿ. ಆದರೆ ವರ್ಷನ್‌ಗೆ ಕಟ್ಟುಬೀಳಬೇಡಿ. ಲೆಕ್ಕಾಚಾರದ ಲೈಬ್ರರಿ ನಂಪೈ ಬೇಕಿದ್ದರೆ 1.26 ಅಥವಾ ಅದಕ್ಕಿಂತ ಹೊಸದು ಹಾಕಿ, 3.12ಕ್ಕೆ ಅದರಿಂದಲೇ ಬೆಂಬಲ ಶುರು. 'ಡಿಸ್ಟ್‌ಯುಟಿಲ್ಸ್ ಇಲ್ಲ' ಅಂತ ಎರರ್ ಬಂದರೆ, ಪೈಥಾನ್ ಜೊತೆಗೇ ಬರುತ್ತಿದ್ದ ಆ ಮಾಡ್ಯೂಲನ್ನು 3.12ರಲ್ಲಿ ತೆಗೆದೇ ಹಾಕಿದ್ದಾರೆ. ಸೆಟಪ್‌ಟೂಲ್ಸ್ ಅನ್ನುವ ಲೈಬ್ರರಿ ಹಾಕಿದರೆ ಸಾಮಾನ್ಯವಾಗಿ ಕೆಲಸ ನಡೆಯುತ್ತದೆ.

ಇನ್ನೊಂದು ಮಾತು. ವೆನ್ವ್ ಇಲ್ಲದೆ ನೇರವಾಗಿ ಪಿಪ್ ಇನ್‌ಸ್ಟಾಲ್ (ಪೈಥಾನ್ ಲೈಬ್ರರಿ ಹಾಕುವ ಕಮಾಂಡ್) ಕೊಟ್ಟರೆ ಈಗ ಉಬುಂಟು ಬಿಡುವುದಿಲ್ಲ, 'ಎಕ್ಸ್‌ಟರ್ನಲಿ ಮ್ಯಾನೇಜ್ಡ್' ಅಂತ ತಡೆಯುತ್ತದೆ. ಅದನ್ನು ದಾಟಲು 'ಬ್ರೇಕ್ ಸಿಸ್ಟಮ್ ಪ್ಯಾಕೇಜಸ್' ಅನ್ನುವ ಆಯ್ಕೆ ಇದೆ. ಹೆಸರಲ್ಲೇ ಎಚ್ಚರಿಕೆ ಇದೆ, ಮುಟ್ಟಬೇಡಿ. ಉಬುಂಟುವಿನ ಎಷ್ಟೋ ಟೂಲ್‌ಗಳು ಓಡುವುದು ಅದೇ ಪೈಥಾನ್ ಮೇಲೆ.

ಸರಿ, ಸಬ್‌ಟೈಟಲ್ ಸ್ಕ್ರಿಪ್ಟ್ ಓಡಿತು. ಈಗ ಆಡಿಯೊ ಟೂಲ್. ಟರ್ಮಿನಲ್ ಹೇಳುತ್ತಿದೆ, 'ಲಿಬ್‌ಫ್ಯೂಸ್ ಡಾಟ್ ಎಸ್ಒ ಡಾಟ್ 2 ಲೋಡ್ ಆಗಲಿಲ್ಲ'. ಆಪ್‌ಇಮೇಜ್ ತೆರೆದುಕೊಳ್ಳಲು ಬೇಕಾದ ಲೈಬ್ರರಿ ಇದು. ವಾರ್, ಲಾಗ್, ಡಿಸ್ಟ್-ಅಪ್‌ಗ್ರೇಡ್ ಫೋಲ್ಡರಿಗೆ ಹೋಗಿ ಆಪ್ಟ್-ಟರ್ಮ್ ಲಾಗ್‌ನಲ್ಲಿ ಹುಡುಕಿದರೆ, ಲಿಬ್‌ಫ್ಯೂಸ್2 ತೆಗೆದುಹಾಕಿದ ಸಾಲು ಇಲ್ಲೇ ಇದೆ. 24.04ರಲ್ಲಿ ಅದರ ಹೆಸರು ಲಿಬ್‌ಫ್ಯೂಸ್2ಟಿ64. ಈ ಟಿ64 ಬಾಲ ಎಲ್ಲಿಂದ ಬಂತು? 32 ಬಿಟ್‌ನಲ್ಲಿ ಸಮಯ ಎಣಿಸುವ ಯಂತ್ರಗಳಿಗೆ 2038ರ ಜನವರಿ 19ಕ್ಕೆ ಎಣಿಕೆ ತುಂಬಿಹೋಗುತ್ತದೆ. ಅದಕ್ಕೇ ಡೆಬಿಯನ್ ಮತ್ತು ಉಬುಂಟು ಬಳಗದವರು 32 ಬಿಟ್ ಆರ್ಮ್ ಯಂತ್ರಗಳಲ್ಲಿ ಸಮಯವನ್ನು 64 ಬಿಟ್‌ಗೆ ಬದಲಾಯಿಸಿದರು, ಸಂಬಂಧಪಟ್ಟ ನೂರಾರು ಲೈಬ್ರರಿಗಳಿಗೆ ಹೊಸ ಹೆಸರಿಟ್ಟರು. ನಮ್ಮ ಲ್ಯಾಪ್‌ಟಾಪಿನ ಸಮಯ ಮೊದಲೇ 64 ಬಿಟ್, ನಮಗೆ ಬದಲಾದದ್ದು ಹೆಸರು ಮಾತ್ರ. ಹದಿನಾಲ್ಕು ವರ್ಷ ಮೊದಲೇ ಕೂತು ಇಷ್ಟು ದೊಡ್ಡ ಕೆಲಸ ಮುಗಿಸಿದವರನ್ನು ನಾನು ಮನಸಾರೆ ಮೆಚ್ಚುತ್ತೇನೆ.

ಉಬುಂಟುವಿನಲ್ಲಿ ಪ್ಯಾಕೇಜ್ ಹಾಕುವ ಟೂಲ್ ಆಪ್ಟ್‌ನಿಂದ ಲಿಬ್‌ಫ್ಯೂಸ್2ಟಿ64 ಹಾಕಿ. ಬರೀ 'ಫ್ಯೂಸ್' ಅನ್ನುವ ಪ್ಯಾಕೇಜ್ ಬೇರೆ, ಅದನ್ನು ಹಾಕಲು ಹೋದರೆ ಫ್ಯೂಸ್3 ಕಿತ್ತುಹೋಗಿ ಡೆಸ್ಕ್‌ಟಾಪಿಗೇ ತೊಂದರೆ ಆಗಬಹುದು. ಎಲ್ಲಿಂದಲೋ ಹಳೇ ಎಸ್ಒ (ಲೈಬ್ರರಿ) ಫೈಲ್ ತಂದು ಸಿಸ್ಟಮ್ ಫೋಲ್ಡರಿಗೆ ಸುರಿಯುವುದೂ ಬೇಡ. ಅದಕ್ಕೆ ಸೆಕ್ಯುರಿಟಿ ಅಪ್‌ಡೇಟ್ ಬರುವುದಿಲ್ಲ.

ಇಷ್ಟಾದ ಮೇಲೂ ಕೆಲವು ಆಪ್‌ಗಳು 'ಸ್ಯಾಂಡ್‌ಬಾಕ್ಸ್' ಅಂತ ಹೇಳಿ ಮುಚ್ಚಿಕೊಳ್ಳುತ್ತವೆ. ಸ್ಯಾಂಡ್‌ಬಾಕ್ಸ್ ಅಂದರೆ ಆಪ್ ತನ್ನ ಸುತ್ತ ಹಾಕಿಕೊಳ್ಳುವ ರಕ್ಷಣೆಯ ಬೇಲಿ. ಆಪ್‌ಗಳು ಏನು ಮಾಡಬಹುದು ಅಂತ ನಿಯಂತ್ರಿಸುವ ಆಪ್‌ಆರ್ಮರ್ 24.04ರಲ್ಲಿ ಬಿಗಿಯಾಗಿದೆ, ಅದೇ ಕಾರಣ. 'ನೋ ಸ್ಯಾಂಡ್‌ಬಾಕ್ಸ್' ಅಂತ ಕೊಟ್ಟು ಓಡಿಸಿದರೆ ರಕ್ಷಣೆಯೇ ಹೋಗುತ್ತದೆ. ಆ ಒಂದು ಆಪ್‌ಗೆ ಮಾತ್ರ ಆಪ್‌ಆರ್ಮರ್ ಪ್ರೊಫೈಲ್ ಬರೆದು, ಅದರಲ್ಲಿ ಆ ಬೇಲಿಗೆ ಬೇಕಾದ ಯೂಸರ್‌ಎನ್‌ಎಸ್ ಅನುಮತಿ ಕೊಡಿ.

ಪಿಪಿಎಗಳು, ಅಂದರೆ ನೀವು ಸೇರಿಸಿಕೊಂಡ ಹೊರಗಿನ ಸಾಫ್ಟ್‌ವೇರ್ ಮೂಲಗಳು, ಅಪ್‌ಗ್ರೇಡ್ ಹೊತ್ತಲ್ಲಿ ತಾವಾಗಿ ಬಂದ್ ಆಗಿರುತ್ತವೆ. ಎಲ್ಲವನ್ನೂ ಸುಮ್ನೆ ಆನ್ ಮಾಡಬೇಡಿ. ಅಲ್ಲಿ 'ನೋಬಲ್'ಗೆ, ಅಂದರೆ 24.04ಕ್ಕೆ, ಪ್ಯಾಕೇಜ್ ಬಂದಿದೆಯಾ ನೋಡಿ, ಆಮೇಲೆ ಒಂದೊಂದಾಗಿ ಆನ್ ಮಾಡಿ. ಕನ್ನಡ ಟೈಪ್ ಮಾಡುವ ಕಗಪ ಕೀಬೋರ್ಡ್ ಕಾಣದಿದ್ದರೆ ಐಬಸ್-ಎಂ17ಎನ್ ಪ್ಯಾಕೇಜ್ ಹಾಕಿ, ಲಾಗ್‌ಔಟ್ ಆಗಿ ಬಂದು, ಸೆಟ್ಟಿಂಗ್ಸ್‌ನಲ್ಲಿ ಸೇರಿಸಿ.

ನಿಮ್ಮಲ್ಲಿ ಬೇರೇನಾದರೂ ನಿಂತಿದ್ದರೆ ಕಾಮೆಂಟಿನಲ್ಲಿ ಬರೆಯಿರಿ. 'ಓಡ್ತಿಲ್ಲ' ಅಂತ ಮಾತ್ರ ಬರೆದರೆ ಸಾಲದು. ಟರ್ಮಿನಲ್ಲಿನ ಪೂರ್ತಿ ಎರರ್ ಹಾಕಿ, ಯಾವ ವರ್ಷನ್‌ನಿಂದ ಯಾವುದಕ್ಕೆ ಬಂದಿರಿ ಅಂತಲೂ ಹೇಳಿ. ನಾನು ಓದಿ ಉತ್ತರ ಕೊಡುತ್ತೇನೆ.