ಮುಂಜಾನಿ ಶುಗರ್ ಯಾಕ ಏರ್ತೈತಿ? ರಾತ್ರಿ ಮೂರಕ್ಕ ಎದ್ದು ನೋಡ್ರಿ

ಮಲಗೂ ಮುಂದ ಶುಗರ್ 140. ರಾತ್ರಿ ಏನೂ ತಿಂದಿಲ್ಲ. ಮುಂಜಾನಿ ಎದ್ದು ನೋಡಿದ್ರ 190. ಹುಬ್ಬಳ್ಳಿ-ಧಾರವಾಡದಾಗ ಶುಗರ್ ಇದ್ದವರು ಭಾಳ ಮಂದಿ ಇಷ್ಟು ನೋಡಿದ ಕೂಡಲೇ ಇನ್ಸುಲಿನ್ ಎರಡು ಯುನಿಟ್ ಏರಿಸಿ ಬಿಡ್ತಾರ. ದಯವಿಟ್ಟು ಹಂಗ ಮಾಡಬ್ಯಾಡ್ರಿ. 190 ಆಗಾಕ ಕಾರಣ ಬ್ಯಾರೆ ಬ್ಯಾರೆ ಇರ್ತಾವು, ಒಂದೊಂದಕ್ಕ ಒಂದೊಂದು ಉಪಾಯ.

ಮೂರು ರಾತ್ರಿ ಇದನ್ನ ಮಾಡ್ರಿ. ಮಲಗೂ ಮುಂದ ಒಮ್ಮೆ, ಅಲಾರಂ ಇಟ್ಟು ಮೂರು ಗಂಟೆಕ್ಕ ಒಮ್ಮೆ, ಎದ್ದ ಕೂಡಲೇ ಒಮ್ಮೆ ಬೆರಳು ಚುಚ್ಚಿ ನೋಡ್ರಿ. ಊಟದ ಹೊತ್ತು, ರೊಟ್ಟಿ ಎಷ್ಟು, ಇನ್ಸುಲಿನ್ ಎಷ್ಟು, ಎಲ್ಲಾ ಬರದಿಡ್ರಿ. ಚುಚ್ಚೂ ಮುಂಚೆ ಕೈ ತೊಳೆದು ಒಣಗಿಸಬೇಕು. ಮಾವಿನಹಣ್ಣು ಹೆಚ್ಚಿದ ಬೆರಳಿನ ರಸ ರಕ್ತದ ಹನಿಯೊಳಗ ಸೇರಿದ್ರ ಮೀಟರ್ ಸುಳ್ಳು ಹೇಳ್ತೈತಿ. ಮೀಟರಿನ ಲೆಕ್ಕ ಶೇಕಡಾ 15ರಷ್ಟು ಆಕಡೆ ಈಕಡೆ ಇರಬಹುದು, ಅದಕ್ಕ ಒಂದೇ ರಾತ್ರಿ ನೋಡಿ ಏನೂ ತೀರ್ಮಾನ ಮಾಡಬ್ಯಾಡ್ರಿ.

ಮೂರಕ್ಕ 130–140 ಇದ್ದು ಮುಂಜಾನಿ ಮಾತ್ರ ಏರಿದ್ರ, ಅದು ನಸುಕಿನ ಏರಿಕೆ. ಆ ಹೊತ್ತಿನಾಗ ಮೈಯೊಳಗ ಕಾರ್ಟಿಸೋಲ್, ಗ್ರೋತ್ ಹಾರ್ಮೋನ್ ಅನ್ನೋ ರಸಗಳು ಹೆಚ್ಚಾಗಿ, ಲಿವರ್ ತಾನೇ ಸಕ್ಕರಿ ಬಿಡ್ತೈತಿ. ನೀವು ತಿಂದದ್ದಕ್ಕ ಬಂದದ್ದಲ್ಲ. ರಾತ್ರಿ ಇನ್ಸುಲಿನ್ ನಸುಕಿನ ತನಕ ಸಾಲದಿದ್ರೂ ಹಿಂಗ ಆಗ್ತೈತಿ.

ಮೂರಕ್ಕನ 220 ಇದ್ರ ಊಟದ ಕಡೆ ನೋಡ್ರಿ. ನಮ್ಮ ಕಡೆ ಭಾಳ ಸಲ ತಪ್ಪೋದು ಇಲ್ಲೇ. ಜ್ವಾಳದ ರೊಟ್ಟಿ ಎಷ್ಟು ತಿಂದ್ರೂ ನಡೀತೈತಿ ಅನ್ನೋ ನಂಬಿಕಿ ಐತಿ. 50 ಗ್ರಾಂ ಹಿಟ್ಟಿನ ಒಂದು ರೊಟ್ಟಿಯೊಳಗ ಸುಮಾರು 35 ಗ್ರಾಂ ಕಾರ್ಬೋಹೈಡ್ರೇಟ್ (ಪಚನ ಆಗಿ ಸಕ್ಕರಿ ಆಗೋ ಅಂಶ) ಇರ್ತೈತಿ. ಮೂರು ರೊಟ್ಟಿ ಮ್ಯಾಲ ಅನ್ನ ಬ್ಯಾರೆ. ಎಣ್ಣಿ ತೇಲೋ ಎಣಗಾಯಿ, ಶೇಂಗಾ ಹಿಂಡಿ ಇದ್ದಾಗ ಕೊಬ್ಬಿನಿಂದ ಪಚನ ನಿಧಾನ ಆಗಿ, ಶುಗರ್ ಮಲಗಿದ ಮ್ಯಾಲ ಏರ್ತೈತಿ. ಹತ್ತಕ್ಕ ಮಾಡೋ ಊಟ ಎಂಟಕ್ಕ ಮಾಡ್ರಿ, ಒಂದು ರೊಟ್ಟಿ ಕಡಿಮಿ ಮಾಡಿ ಪಲ್ಲೆ, ಕಾಳು ಹೆಚ್ಚ ಹಾಕ್ಕೊಳ್ರಿ. ಆದ್ರ ಊಟಕ್ಕ ಇಂತಿಷ್ಟು ಅಂತ ಇನ್ಸುಲಿನ್ ತಗೋಳೋರು ರೊಟ್ಟಿ ಕಡಿಮಿ ಮಾಡೂ ಮುಂಚೆ ಡಾಕ್ಟರ್‌ನ ಕೇಳಲೇಬೇಕು.

ಮೂರಕ್ಕ 70ರ ಕೆಳಗ ಇದ್ರ, ಅದು ಎಲ್ಲಾದಕ್ಕಿಂತ ಅಪಾಯ. ಬೆವತು ಅಂಗಿ ಒದ್ದಿ ಆಗೋದು, ಕೆಟ್ಟ ಕನಸು, ಮುಂಜಾನಿ ತಲಿನೋವು ಇದರ ಗುರುತು. ಅಂಗೈಯಾಗ ಮೆಲ್ಲಕ ಹೊರಳಿಸಿ ತಗೋಳೋ ಹಾಲಿನಂಥ ಬಿಳಿ ಇನ್ಸುಲಿನ್ ಎಂಟಕ್ಕ ತಗೊಂಡ್ರ, ಅದರ ಜೋರು ನಡುರಾತ್ರಿಯಿಂದ ನಸುಕಿನ ತನಕ. ಶುಗರ್ ಇಳಿಸೋ ಗ್ಲಿಮೆಪಿರೈಡ್ ಗುಳಿಗಿ ನುಂಗಿ ಏಕಾದಶಿ ಅಂತ ಊಟ ಬಿಟ್ರೂ ಶುಗರ್ ಇಳೀತೈತಿ. ಗದಗ, ಹಾವೇರಿ ಕಡೆ ದಿನವೆಲ್ಲಾ ಶೇಂಗಾ ಕಿತ್ತು ಬಂದವರಿಗೆ ಆ ರಾತ್ರಿನೂ ಮೈಯ ಸ್ನಾಯು ಸಕ್ಕರಿ ಎಳಕೊಳ್ತಾನ ಇರ್ತಾವು.

ಇಳಿದಾಗ ಮೂರು ಚಮಚ ಗ್ಲುಕೋಸ್ ಪುಡಿ, ಅಂದ್ರ ಸುಮಾರು 15 ಗ್ರಾಂ, ನೀರಾಗ ಕಲಸಿ ಕುಡೀರಿ. 15 ನಿಮಿಷ ಬಿಟ್ಟು ನೋಡ್ರಿ, 70 ದಾಟದಿದ್ರ ಮತ್ತ ಅಷ್ಟೇ ಕುಡೀರಿ. ಪೇಡಾ ಬ್ಯಾಡ: ಖವಾದ ಕೊಬ್ಬು ಸಕ್ಕರಿ ರಕ್ತಕ್ಕ ಸೇರೋದನ್ನ ತಡ ಮಾಡ್ತೈತಿ. ಎಚ್ಚರ ತಪ್ಪಿದವರ ಬಾಯಾಗ ಏನೂ ಹಾಕಬ್ಯಾಡ್ರಿ, 108ಕ್ಕ ಫೋನ್ ಮಾಡ್ರಿ.

ರಾತ್ರಿ ಇಳಿದದ್ದಕ್ಕ ಮುಂಜಾನಿ ಪುಟಿದು ಏರ್ತೈತಿ ಅಂತಾರ. ಮೈಗೆ ಅಂಟಿಸಿ ಹಗಲು ರಾತ್ರಿ ಶುಗರ್ ಅಳೆಯೋ ಸೆನ್ಸರ್ ಹಾಕಿ ನೋಡಿದ್ರ ಹಂಗ ಆಗೋದು ಕಡಿಮಿ; ರಾತ್ರಿ ಇಳಿದವರದ್ದು ಹೆಚ್ಚಾಗಿ ಮುಂಜಾನಿನೂ ಕೆಳಗೇ ಇರ್ತೈತಿ. ಗಾಬರಿಯಿಂದ ಅರ್ಧ ಡಬ್ಬಿ ಗ್ಲುಕೋಸ್ ಕುಡಿದ್ರ ಮಾತ್ರ ಏರೋದು ಖರೆ.

ಒಂದೊಂದು ರಾತ್ರಿ ಒಂದೊಂದು ನಂಬರ್ ಬಂದ್ರ ಇನ್ಸುಲಿನ್ ಚುಚ್ಚಿಕೊಳ್ಳೋ ಹೊಟ್ಟಿ ಮುಟ್ಟಿ ನೋಡಿಕೊಳ್ರಿ. ಒಂದೇ ಜಾಗಾದಾಗ ಚುಚ್ಚಿ ಚುಚ್ಚಿ ಗಂಟಾಗಿದ್ರ ಅಲ್ಲಿ ಇನ್ಸುಲಿನ್ ಸರಿಯಾಗಿ ಹೀರೋದಿಲ್ಲ. ಬೆರಳಷ್ಟು ದೂರ ಜಾಗಾ ಬದಲಿಸ್ರಿ. ಇನ್ಸುಲಿನ್ ಪೆನ್ ಒತ್ತಿ ಹತ್ತು ಎಣಿಸಿದ ಮ್ಯಾಲ ಸೂಜಿ ತಗೀರಿ. ಏಪ್ರಿಲ್ ಬಿಸಲಾಗ ಇನ್ಸುಲಿನ್ ಕಿಟಕಿ ಮ್ಯಾಲ ಇಡಬ್ಯಾಡ್ರಿ, 30 ಡಿಗ್ರಿ ದಾಟಿದ್ರ ಅದು ಕೆಡ್ತೈತಿ.

ತೋಳಿಗೆ ಸೆನ್ಸರ್ ಹಾಕಿದವರು ಆ ಮಗ್ಗಲಿಗೇ ಭಾರ ಹಾಕಿ ಮಲಗಿದ್ರ ಅದು ಶುಗರ್ ಇಳಿದೈತಿ ಅಂತ ಸುಳ್ಳೇ ಕೂಗ್ತೈತಿ. ಮಗ್ಗಲು ಬದಲಿಸಿ, ಬೆರಳು ಚುಚ್ಚಿ ನೋಡ್ರಿ. ಬೆವರು, ನಡುಕ ಇದ್ರ ಮಾತ್ರ ಚುಚ್ಚಿಕೋತ ಕೂಡಬ್ಯಾಡ್ರಿ, ಮೊದಲು ಗ್ಲುಕೋಸ್ ಕುಡೀರಿ.