ಮಾಲು ಮುಟ್ಟಿದ ತಾರೀಖು ಬರೆಸಿಕೊಳ್ಳಿ

ಕೇಳುಗರಿಗೆ ನಮಸ್ಕಾರ. ಪೀಣ್ಯದಲ್ಲಿ ಲೇತ್ ಓಡಿಸುವವರು, ಬೆಳಗಾವಿಯ ಉದ್ಯಮಬಾಗಿನಲ್ಲಿ ಎರಕ ಹೊಯ್ಯುವವರು ಈಗ ರೇಡಿಯೋ ಹಾಕಿಕೊಂಡಿದ್ದರೆ ಈ ಮಾತು ನಿಮಗೇ. ದೊಡ್ಡ ಪಾರ್ಟಿಗೆ ಮಾಲು ಕೊಟ್ಟು ಪೇಮೆಂಟಿಗೆ ಅಲೆಯುತ್ತಿದ್ದೀರಿ. ಇವತ್ತು ನಾನು ಹೇಳುವುದು ಒಂದೇ ವಿಷಯ: ಮಾಲು ಮುಟ್ಟಿದ ತಾರೀಖನ್ನು ಮಾಲಿನ ಜೊತೆ ಕಳಿಸುವ ಚೀಟಿ, ಅಂದರೆ ಡೆಲಿವರಿ ಚಲನ್ ಮೇಲೆ ಸೀಲು, ಸಹಿ ಹಾಕಿಸಿ ಬರೆಸಿಕೊಳ್ಳಿ.

ಯಾಕೆ ಅಂತ ಒಂದು ಲೆಕ್ಕದಲ್ಲಿ ನೋಡೋಣ. ಪಂಪಿನ ಬಿಡಿಭಾಗ ಮಾಡುವ ಒಂದು ಸಣ್ಣ ವರ್ಕ್‌ಶಾಪ್ ಇದೆ ಅಂದುಕೊಳ್ಳಿ. ಬಿಲ್ಲು 5 ಲಕ್ಷ ರೂಪಾಯಿ, ಶೇ 18ರ ಜಿಎಸ್‌ಟಿ 90,000. ಜೂನ್ 3ಕ್ಕೆ ಮಾಲು ಪಾರ್ಟಿಯ ಗೇಟು ದಾಟಿತು. ಸ್ಟೋರ್ಸಿನವರು ಇಳಿಸಿಕೊಂಡರು, ಯಾರೂ ಸಹಿ ಹಾಕಲಿಲ್ಲ. ಮಾಲು ಕ್ಯೂಸಿಯಲ್ಲಿ, ಅಂದರೆ ಗುಣಮಟ್ಟದ ತಪಾಸಣೆಯಲ್ಲಿ ಬಿದ್ದಿತ್ತು. ಮಾಲು ಸ್ವೀಕರಿಸಿದ್ದಕ್ಕೆ ಅವರು ಬರೆಯುವ ಚೀಟಿ, ಅಂದರೆ ಜಿಆರ್‌ಎನ್ ಆದದ್ದು 28ಕ್ಕೆ. ಪಿಓದಲ್ಲಿ, ಅಂದರೆ ಅವರ ಖರೀದಿ ಆದೇಶದಲ್ಲಿ ‘ಜಿಆರ್‌ಎನ್‌ನಿಂದ 60 ದಿನ’ ಅಂತಿದೆ. ಅವರ ಲೆಕ್ಕಕ್ಕೆ ಆಗಸ್ಟ್ 27ರವರೆಗೆ ಯಾರೂ ಏನೂ ಕೇಳುವ ಹಾಗಿಲ್ಲ. ಆದರೆ ತಿಂಗಳಿಗೊಮ್ಮೆ ರಿಟರ್ನ್ ಹಾಕುವ ನೀವು ಜುಲೈ 20ರೊಳಗೆ ಆ 90,000 ಕಟ್ಟಲೇಬೇಕು. ಬಾರದ ದುಡ್ಡಿಗೆ ತೆರಿಗೆ! ಜೊತೆಗೆ ಬ್ಯಾಂಕಿನ ಓಡಿ (ಓವರ್‌ಡ್ರಾಫ್ಟ್) ಖಾತೆಯ ಬಡ್ಡಿ, ಹುಡುಗರ ಸಂಬಳ.

ಈಗ 2006ರ ಎಂಎಸ್‌ಎಂಇ, ಅಂದರೆ ಕಿರು, ಸಣ್ಣ, ಮಧ್ಯಮ ಉದ್ಯಮಗಳ ಕಾಯ್ದೆ ಏನನ್ನುತ್ತೆ ಕೇಳಿ. ಮಾಲು ತಲುಪಿ 15 ದಿನದೊಳಗೆ ಕೊಂಡವರು ಬರವಣಿಗೆಯಲ್ಲಿ ತಕರಾರು ಎತ್ತದಿದ್ದರೆ, ತಲುಪಿದ ದಿನವೇ ಒಪ್ಪಿಕೊಂಡ ದಿನ. ಫೋನಿನಲ್ಲಿ ‘ಸೈಜು ಸ್ವಲ್ಪ ಆಚೀಚೆ ಇದೆ’ ಅಂದದ್ದು ತಕರಾರಲ್ಲ. ಕರಾರಿನಲ್ಲಿ ಎಷ್ಟೇ ದಿನ ಬರೆದಿರಲಿ, ಒಪ್ಪಿಕೊಂಡ ದಿನದಿಂದ 45 ದಿನ ಮೀರುವಂತಿಲ್ಲ. ಬರೆದ ಕರಾರೇ ಇಲ್ಲವೋ, 15 ದಿನ. ಅಂದರೆ ನಮ್ಮ ಲೆಕ್ಕದಲ್ಲಿ ಕೊನೆಯ ದಿನ ಜುಲೈ 18. ಅವರು ಹೇಳಿದ್ದಕ್ಕಿಂತ 40 ದಿನ ಮೊದಲು! ಅಲ್ಲಿಂದಾಚೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಬ್ಯಾಂಕ್ ದರ ಶೇ 6 ಇದ್ದರೆ ನಿಮ್ಮ ಬಡ್ಡಿ ಶೇ 18.

ಆದರೆ ಜೂನ್ 3 ಅನ್ನುವುದಕ್ಕೆ ನಿಮ್ಮ ಹತ್ತಿರ ಏನಿದೆ? ಚಲನ್ ಖಾಲಿ. ಅದಕ್ಕೇ ಮತ್ತೆ ಹೇಳುತ್ತೇನೆ, ಗಾಡಿ ಡ್ರೈವರಿಗೆ ಕಟ್ಟುನಿಟ್ಟಾಗಿ ಹೇಳಿ ಕಳಿಸಿ: ಸೀಲು, ಸಹಿ, ತಾರೀಖು ಇಲ್ಲದೆ ವಾಪಸು ಬರಕೂಡದು. ‘ಕೇಳಿದರೆ ಪಾರ್ಟಿಗೆ ಬೇಜಾರಾಗುತ್ತೆ’ ಎಂಬ ಮಾತು ದಯವಿಟ್ಟು ಬೇಡ. ಅವರ ಆಡಿಟರಿಗೂ ಈ ತಾರೀಖು ಬೇಕು. 2023-24ರಿಂದ ಆದಾಯ ತೆರಿಗೆಯಲ್ಲಿ, ಕಿರು ಮತ್ತು ಸಣ್ಣ ಉದ್ಯಮಕ್ಕೆ ಈ ಅವಧಿ ಮೀರಿ ಬಾಕಿಯಿಟ್ಟ ಮೊತ್ತವನ್ನು ಕೊಟ್ಟ ವರ್ಷದಲ್ಲಷ್ಟೇ ಖರ್ಚು ಎಂದು ತೋರಿಸಬಹುದು.

ಇದೆಲ್ಲಕ್ಕೂ ಸರ್ಕಾರದ ಉದ್ಯಮ್ ಪೋರ್ಟಲಿನಲ್ಲಿ ನಿಮ್ಮ ಘಟಕದ ನೋಂದಣಿ ಮೊದಲೇ ಆಗಿರಲಿ, ಅದಕ್ಕೆ ಶುಲ್ಕವಿಲ್ಲ. ಆ ಸಂಖ್ಯೆಯನ್ನು ಪ್ರತಿ ಬಿಲ್ಲಿನ ಮೇಲೆ ಅಚ್ಚು ಹಾಕಿಸಿ. ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಇಲ್ಲ. ತಯಾರಿಸುವವರಿಗೆ, ಸೇವೆ ಕೊಡುವವರಿಗೆ ಇದೆ. ದುಡ್ಡು ಬಾರದಿದ್ದರೆ ಪಿಓ, ಬಿಲ್ಲು, ಸೀಲು ಬಿದ್ದ ಚಲನ್ ಸೇರಿಸಿ ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಪೋರ್ಟಲಿನಲ್ಲಿ ಅರ್ಜಿ ಹಾಕಿ. ಅದು ಇಂಥ ಬಾಕಿಯ ವ್ಯಾಜ್ಯ ಬಗೆಹರಿಸುವ ರಾಜ್ಯದ ಫೆಸಿಲಿಟೇಶನ್ ಕೌನ್ಸಿಲ್‌ಗೆ ಹೋಗುತ್ತೆ. ಅಲ್ಲಿನ ತೀರ್ಪನ್ನು ಪ್ರಶ್ನಿಸಿ ಕೋರ್ಟಿಗೆ ಹೋಗಬೇಕಾದರೆ ಕೊಂಡವರು ಶೇ 75 ಮೊತ್ತ ಮೊದಲು ಠೇವಣಿ ಇಡಬೇಕು.

ಸಮಯ ಮುಗಿಯುತ್ತಾ ಬಂತು, ಇನ್ನೆರಡು ಮಾತು. ಹೊಸ ಪಾರ್ಟಿಗೆ ಉದ್ದರಿ ಕೊಡುವ ಮೊದಲು ಜಿಎಸ್‌ಟಿ ಪೋರ್ಟಲಿನಲ್ಲಿ ಅವರ ನಂಬರ್ ಹಾಕಿ ನೋಡಿ; ರಿಟರ್ನ್ ಹಾಕಿಲ್ಲದ ತಿಂಗಳು ಕಂಡರೆ ಮುಂಗಡ ಕೇಳಿ. ಹಳೆಯ ಬಾಕಿಗೆ ಪ್ರತಿ ಮಾರ್ಚ್‌ನಲ್ಲಿ ‘ಇಷ್ಟು ಬಾಕಿ ನಿಜ’ ಎಂದು ಪಾರ್ಟಿಯಿಂದ ಸಹಿ ಹಾಕಿಸಿಕೊಳ್ಳಿ. ಬಾಕಿಗಾಗಿ ದಾವೆ ಹಾಕಲು ಇರುವ ಮೂರು ವರ್ಷದ ಕಾಲಮಿತಿ ಮುಗಿಯುವ ಮೊದಲೇ ಆ ಸಹಿ ಬಿದ್ದರೆ ಅಲ್ಲಿಂದ ಹೊಸದಾಗಿ ಎಣಿಕೆ. ನಮಸ್ಕಾರ.