ಒಂದು ಡಾಲರ್‌ಗೆ ಒಂದು ಪೌಂಡ್ ಕಸ, ಈ ಲೆಕ್ಕ ಸರಿನಾ?

ಎಲ್ಲರಿಗೂ ನಮಸ್ಕಾರ. ಸಮುದ್ರದಲ್ಲಿ ಪ್ಲಾಸ್ಟಿಕ್ ಎಷ್ಟಿದೆ, ಆಮೆ ಮೂಗಲ್ಲಿ ಸ್ಟ್ರಾ ಹೇಗೆ ಸಿಕ್ಕಾಕೊಂಡಿತ್ತು, ಇದನ್ನೆಲ್ಲ ನೀವು ನನಗಿಂತ ಜಾಸ್ತಿ ಫೋನಲ್ಲಿ ನೋಡಿರ್ತೀರ, ಹಾಗಾಗಿ ಅದನ್ನ ಬಿಟ್ಟು ಸೀದಾ ದುಡ್ಡಿನ ವಿಷಯಕ್ಕೆ ಬರ್ತೀನಿ. ಆನ್‌ಲೈನಲ್ಲಿ ದುಡ್ಡು ಎತ್ತಿ ಸಮುದ್ರ ಕ್ಲೀನ್ ಮಾಡ್ತೀವಿ ಅಂತಾರಲ್ಲ, ಅದರಿಂದ ಏನಾದ್ರೂ ಆಗ್ತಿದ್ಯಾ?

2021ರ ಅಕ್ಟೋಬರ್ ಕೊನೇಲಿ ಮಿಸ್ಟರ್ ಬೀಸ್ಟ್, ಮಾರ್ಕ್ ರೋಬರ್ ಅನ್ನೋ ಯೂಟ್ಯೂಬರ್‌ಗಳಿಬ್ಬರೂ ಸೇರ್ಕೊಂಡು ದುಡ್ಡು ಎತ್ತೋಕೆ ಟೀಮ್‌ಸೀಸ್ ಶುರು ಮಾಡಿದ್ರು. ಒಂದು ಡಾಲರ್ ಕೊಡಿ, ಒಂದು ಪೌಂಡ್, ಅಂದ್ರೆ ಸುಮಾರು ಅರ್ಧ ಕೆಜಿ ಕಸ ತೆಗೀತೀವಿ, ಅಷ್ಟೇ. ಇದಕ್ಕಿಂತ ಸುಲಭವಾಗಿ ಯಾರಾದ್ರೂ ಕೇಳೋಕಾಗುತ್ತಾ? ಗುರಿ 3 ಕೋಟಿ ಡಾಲರ್, 2022 ಶುರುವಾಗೋ ಹೊತ್ತಿಗೆ ಬಂದೂಬಿಡ್ತು. ಹುಡುಗರು ಪಾಕೆಟ್ ಮನಿ ಕೊಟ್ಟಿದ್ದಾರೆ, ನಾನದನ್ನ ಗೇಲಿ ಮಾಡಲ್ಲ. ಆದ್ರೆ ಲೆಕ್ಕ ಹಾಕೋಣ. 3 ಕೋಟಿ ಪೌಂಡ್ ಅಂದ್ರೆ ಸುಮಾರು 13,600 ಟನ್. 2010ರ ಒಂದೇ ವರ್ಷದಲ್ಲಿ ಸಮುದ್ರ ಸೇರಿದ ಪ್ಲಾಸ್ಟಿಕ್ 48 ಲಕ್ಷದಿಂದ 1 ಕೋಟಿ 27 ಲಕ್ಷ ಟನ್ ಅಂತ 2015ರಲ್ಲಿ ಒಂದು ಅಂದಾಜು ಬಂತು. ಅದರಲ್ಲಿ ತೀರಾ ಕಡಿಮೇದನ್ನೇ ಹಿಡಿದ್ರೂ ದಿನಕ್ಕೆ 13 ಸಾವಿರ ಟನ್ ಆಗುತ್ತೆ. ಎರಡು ತಿಂಗಳು ಇಡೀ ಯೂಟ್ಯೂಬ್ ಕೂಗಾಡಿ ಎತ್ತಿದ ದುಡ್ಡಿಗೆ ಹೆಚ್ಚುಕಮ್ಮಿ ಒಂದು ದಿನದ ಕಸ! ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಹಾಗಂತ ದಂಡ ಅಂತೀನಾ? ಇಲ್ಲ. ಎಷ್ಟು ಪೌಂಡ್ ಅಂತ ಕೇಳಬೇಡಿ, ಎಲ್ಲಿಂದ ತೆಗೆದ್ರಿ ಅಂತ ಕೇಳಿ, ನಾನು ಹೇಳೋದು ಇದೊಂದೇ, ಇವತ್ತು ಇನ್ನೂ ನಾಲ್ಕು ಸಲ ಹೇಳ್ತೀನಿ, ಬೇಜಾರಾದ್ರೆ ಸಹಿಸ್ಕೊಳ್ಳಿ.

ಯಾಕೆ ಅಂತ ಹೇಳೋಕೆ ವಿಲ್ಸನ್ ಕಥೆ ಹೇಳಲೇಬೇಕು, ನನಗೆ ಬಹಳ ಇಷ್ಟ ಅದು. ಬೋಯಾನ್ ಸ್ಲಾಟ್ ಅಂತ ನೆದರ್ಲೆಂಡ್ಸ್ ಹುಡುಗ, 18ನೇ ವಯಸ್ಸಿಗೆ 2013ರಲ್ಲಿ ದಿ ಓಷನ್ ಕ್ಲೀನಪ್ ಅನ್ನೋ ಸಂಸ್ಥೆ ಶುರು ಮಾಡಿದ. ಮುಂದಿನ ವರ್ಷ ಆನ್‌ಲೈನಲ್ಲಿ ಕೈಚಾಚಿದ್ರೆ 100 ದಿನದಲ್ಲಿ 20 ಲಕ್ಷ ಡಾಲರ್‌ಗೂ ಮೇಲೆ ಬಂತು. ಪ್ಲಾನ್ ಏನಪ್ಪಾ ಅಂದ್ರೆ 600 ಮೀಟರ್ ಉದ್ದದ ತೇಲೋ ಪೈಪು, ಅದರ ಕೆಳಗೆ ಲಂಗದ ಥರ ಮೂರು ಮೀಟರ್ ಪರದೆ, ಎಂಜಿನ್ ಇಲ್ಲ ಏನಿಲ್ಲ, ಗಾಳಿ ಅಲೆ ತಳ್ಕೊಂಡು ಹೋಗುತ್ತೆ, ಪ್ಲಾಸ್ಟಿಕ್‌ಗಿಂತ ಜೋರಾಗಿ ಹೋಗೋದ್ರಿಂದ ಕಸ ತಾನೇ ಬಂದು ಒಳಗೆ ಸೇರ್ಕೊಳ್ಳುತ್ತೆ ಅಂತ. 2018ರ ಸೆಪ್ಟೆಂಬರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಗ್ರೇಟ್ ಪೆಸಿಫಿಕ್ ಗಾರ್ಬೇಜ್ ಪ್ಯಾಚ್‌ಗೆ, ಅಂದ್ರೆ ಪೆಸಿಫಿಕ್ ಸಾಗರದಲ್ಲಿ ಕಸ ಬಂದು ಸೇರೋ ಜಾಗಕ್ಕೆ ಎಳ್ಕೊಂಡು ಹೋದ್ರು, ವಿಲ್ಸನ್ ಅಂತ ಅಡ್ಡಹೆಸರು ಬೇರೆ, ಟಿವಿಯವರೆಲ್ಲ ಹಾಜರ್. ಅಲ್ಲಿ ಹೋಗಿ ನೋಡಿದ್ರೆ ಕಸ ಒಳಗೆ ಬರುತ್ತೆ, ಸ್ವಲ್ಪ ಹೊತ್ತು ಕೂತಿರುತ್ತೆ, ಆಮೇಲೆ ಬಂದ ದಾರೀಲೇ ವಾಪಸ್ ಹೊರಟುಹೋಗುತ್ತೆ! ಪೈಪು ಕೆಲವು ಸಲ ಪ್ಲಾಸ್ಟಿಕ್‌ಗಿಂತ ನಿಧಾನ. ಡಿಸೆಂಬರ್ ಕೊನೆಗೆ ತುದಿಯಲ್ಲಿ 18 ಮೀಟರ್ ತುಂಡಾಗಿ ಕಿತ್ಕೊಳ್ತು, ಸಮುದ್ರದಲ್ಲಿರೋ ಪ್ಲಾಸ್ಟಿಕ್ ತೆಗೆಯೋಕೆ ಹೋದ ಪ್ಲಾಸ್ಟಿಕ್ಕೇ ಮುರೀತು, ಹವಾಯಿಗೆ ಎಳ್ಕೊಂಡು ಬಂದ್ರು. ನಗಬೇಡಿ, 2019ರಲ್ಲಿ ಅವರೇ ಉಲ್ಟಾ ಯೋಚನೆ ಮಾಡಿ ನೀರೊಳಗೆ ಪ್ಯಾರಾಚೂಟ್ ಕಟ್ಟಿ ಪೈಪನ್ನ ನಿಧಾನ ಮಾಡಿದ್ರು, ಆವಾಗ ಹಿಡೀತು. 2021ರಿಂದ ಎರಡು ಹಡಗು ಕಟ್ಟಿ ಎಳೆಯೋಕೆ ಶುರು ಮಾಡಿದ್ರು, ಅಂದ್ರೆ ಡೀಸೆಲ್ ಖರ್ಚು, ಸಿಬ್ಬಂದಿ ಖರ್ಚು, ದಡಕ್ಕೆ ಹೋಗಿಬರೋ ದಿನಗಳು. ಅಲ್ಲಿ ನಡುಸಮುದ್ರದಲ್ಲಿ ತೆಗೆಯೋ ಒಂದು ಪೌಂಡು, ದಡದಲ್ಲಿ ಹತ್ತು ಜನ ಚೀಲ ಹಿಡ್ಕೊಂಡು ಹೆಕ್ಕೋ ಒಂದು ಪೌಂಡು, ಎರಡಕ್ಕೂ ಒಂದೇ ರೇಟಾ? ಎಲ್ಲಿಂದ ತೆಗೆದ್ರಿ ಅಂತ ಕೇಳಿ.

ತೂಕದ ಲೆಕ್ಕದಲ್ಲಿ ಇನ್ನೊಂದು ತಮಾಷೆ ಇದೆ. ಗ್ರೇಟ್ ಪೆಸಿಫಿಕ್ ಗಾರ್ಬೇಜ್ ಪ್ಯಾಚ್‌ನ 2018ರ ಅಧ್ಯಯನ ಏನು ಹೇಳುತ್ತೆ ಅಂದ್ರೆ, ಅಲ್ಲಿರೋ ತೂಕದಲ್ಲಿ 46 ಪರ್ಸೆಂಟ್ ಬರೀ ಮೀನು ಹಿಡಿಯೋ ಬಲೆ. ಚೂರುಗಳ ಲೆಕ್ಕ ಹಾಕಿದ್ರೆ 94 ಪರ್ಸೆಂಟ್ ಮೈಕ್ರೋಪ್ಲಾಸ್ಟಿಕ್, ಅಂದ್ರೆ ಪುಡಿಪುಡಿ ಪ್ಲಾಸ್ಟಿಕ್, ಅದರ ತೂಕ ಮಾತ್ರ 8 ಪರ್ಸೆಂಟ್. ಪೌಂಡ್ ಲೆಕ್ಕದಲ್ಲಿ ದುಡ್ಡು ಕೊಟ್ರೆ ಒಂದು ದೊಡ್ಡ ಬಲೆ ಎಳೆದು ಹಾಕಿದ್ರಾಯ್ತು, ಟಾರ್ಗೆಟ್ ಮುಗೀತು. ಬಲೆ ತೆಗೆಯೋದು ಒಳ್ಳೇದೇ, ಅದರಲ್ಲಿ ಸಿಕ್ಕಾಕೊಂಡು ಸಾಯೋ ಪ್ರಾಣಿ ಎಷ್ಟೋ. ಆದ್ರೆ ಬಲೆ ಬಿಸಾಡಿದ ಹಡಗಿನವರನ್ನ ಕೇಳೋರು ಯಾರು?

ಇನ್ನು ಮೇಲ್ಮೈಯಲ್ಲಿ ತೇಲೋ ಜೀವಿಗಳು. ವೆಲೆಲ್ಲಾ ಅಂತ ಇದೆ, ಅಂಗೈಗಿಂತ ಚಿಕ್ಕದು, ನೀಲಿ ಬಣ್ಣ, ಬೆನ್ನ ಮೇಲೆ ಹಾಯಿ ಥರ ಒಂದು ಪಾರದರ್ಶಕ ಎಲೆ, ಗಾಳಿ ಎತ್ತ ತಳ್ಳುತ್ತೋ ಅತ್ತ ಹೋಗುತ್ತೆ. ಕಸ ಸೇರೋ ಜಾಗದಲ್ಲೇ ಇದೂ ಸೇರುತ್ತೆ, ಬಲೆಗೇನು ಗೊತ್ತು ಯಾವುದು ಬಾಟ್ಲಿ ಯಾವುದು ಜೀವ? ಕೆಲವು ವಿಜ್ಞಾನಿಗಳ ತಕರಾರು ಇದೇ, ಕ್ಲೀನಪ್‌ನವರು ಅದಕ್ಕೆ ಉತ್ತರಾನೂ ಕೊಟ್ಟಿದ್ದಾರೆ, ಜಗಳ ನಡೀತಿದೆ.

ಹೂಂ, ಚೀಟಿ ಬಂತು, ಐದು ನಿಮಿಷ ಅಂತೆ. ನಾನಿನ್ನೂ ಅರ್ಧಕ್ಕೇ ಬಂದಿಲ್ಲ, ಬೇಗ ಬೇಗ ಹೇಳ್ತೀನಿ.

ನದಿ. 2021ರ ಅಧ್ಯಯನದ ಪ್ರಕಾರ ನದಿಗಳಿಂದ ಸಮುದ್ರಕ್ಕೆ ಹೋಗೋ ಪ್ಲಾಸ್ಟಿಕಲ್ಲಿ 80 ಪರ್ಸೆಂಟ್ ಸಾವಿರ ಚಿಲ್ಲರೆ ನದಿಗಳದ್ದು, ಅದರಲ್ಲೂ ಊರೊಳಗೆ ಹರಿಯೋ ಚಿಕ್ಕ ನದಿಗಳೇ ಜಾಸ್ತಿ. ಟೀಮ್‌ಸೀಸ್ ದುಡ್ಡಲ್ಲಿ ಅರ್ಧ ದಡ ಗುಡಿಸೋಕೆ ಓಷನ್ ಕನ್ಸರ್ವೆನ್ಸಿ ಅನ್ನೋ ಸಂಸ್ಥೆಗೆ, ಅರ್ಧ ನದೀಲಿ ಕಸ ತಡೆಯೋಕೆ ಓಷನ್ ಕ್ಲೀನಪ್‌ಗೆ ಹೋಯ್ತು, ಅದಕ್ಕೇ ನಾನು ಅದನ್ನ ಪೂರ್ತಿ ಬೈಯಲ್ಲ. ಗ್ವಾಟೆಮಾಲಾದ ಲಾಸ್ ವಾಕಾಸ್ ನದಿಗೆ 2022ರಲ್ಲಿ ಬೇಲಿ ಹಾಕಿದ್ರು, ಪ್ರವಾಹಕ್ಕೆ ನಿಲ್ಲಲಿಲ್ಲ, ಮರುವರ್ಷ ಬೇರೆ ಥರ ಕಟ್ಟಿದ್ರು, ಕಸ ಹಿಡೀತು. ಆದ್ರೆ ಹಿಡಿದ ಕಸ ಎಲ್ಲಿಗೆ ಹೋಗುತ್ತೆ, ಯಂತ್ರಕ್ಕೆ ಐದು ವರ್ಷ ಆದ್ಮೇಲೆ ರಿಪೇರಿ ಖರ್ಚು ಯಾರದ್ದು, ಇದಕ್ಕೆಲ್ಲ ಯಾರೂ ವಿಡಿಯೋ ಮಾಡಿ ದುಡ್ಡು ಎತ್ತಲ್ಲ. ಉದ್ಘಾಟನೆಗೆ ದುಡ್ಡು ಸಿಗುತ್ತೆ, ಮೈಂಟೆನೆನ್ಸ್‌ಗೆ ಸಿಗಲ್ಲ.

ಕಂಪನಿಗಳು ಪ್ರಾಯೋಜಕರಾಗೋದರ ಬಗ್ಗೆ ಎರಡು ಪುಟ ಬರ್ಕೊಂಡು ಬಂದಿದ್ದೆ, ಬಿಡಿ. ದೇಶದೇಶಗಳು ಸೇರಿ ಮಾಡೋಕೆ ಹೊರಟ ಪ್ಲಾಸ್ಟಿಕ್ ಒಪ್ಪಂದದ ಬಗ್ಗೆ ಒಂದೇ ಮಾತು: 2022ರಲ್ಲಿ ನೈರೋಬಿಯಲ್ಲಿ 175 ದೇಶಗಳು ಮಾತುಕತೆ ಶುರು ಮಾಡೋಣ ಅಂತ ಒಪ್ಪಿದ್ವು, 2024ರಲ್ಲಿ ಬುಸಾನಲ್ಲಿ ಮಾತುಕತೆ ಮುರೀತು, 2025ರ ಆಗಸ್ಟಲ್ಲಿ ಜಿನೀವಾದಲ್ಲಿ ಮತ್ತೆ ಮುರೀತು. ಉತ್ಪಾದನೆಗೆ ಮಿತಿ ಹಾಕೋಣ ಅಂದ್ರೆ ತೈಲ ದೇಶಗಳು ಒಪ್ಪಲ್ಲ. ಆ ಸುದ್ದಿ ಎಷ್ಟು ಜನ ಶೇರ್ ಮಾಡಿದ್ರಿ, ಕೈ ಎತ್ತಿ? ಹಾಂ, ಗೊತ್ತಿತ್ತು.

ದುಡ್ಡು ಕೊಡೋರು ಕೊಡಿ. ಕೊಡೋ ಮುಂಚೆ ಅವರ ವಾರ್ಷಿಕ ವರದಿ ತೆಗೆದು ಎಲ್ಲಿಂದ ತೆಗೆದ್ರು, ತೆಗೆದಿದ್ದನ್ನ ಎಲ್ಲಿ ಹಾಕಿದ್ರು ಅಂತ ನೋಡಿ, ಇಲ್ಲದಿದ್ರೆ ಮೇಲ್ ಹಾಕಿ ಕೇಳಿ, ಉತ್ತರ ಬರ್ಲಿಲ್ಲ ಅಂದ್ರೆ ಬೇರೆಯವರಿಗೆ ಕೊಡಿ. ಆಯ್ತು, ಮೈಕ್ ಕೊಡ್ತೀನಿ, ಅಧ್ಯಕ್ಷರು ಆಗಲೇ ಎದ್ದು ನಿಂತಿದ್ದಾರೆ.